ತಲೆದೂಗಿದ್ದು

ಸ್ಯಾಲಿಸ್‌ಬರಿಯ ಆ ಹಾಲ್‌ಗೆ ಪರದೇಶದಲ್ಲಿ ನೆಲೆಸಿದ ನಾವು ಮೂವರೂ ಐದು ವರ್ಷದಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹೋಗುತ್ತಿದ್ದೆವು. ಬ್ಲೂಗ್ರಾಸ್ ಅನ್ನುವುದು ಅಮೆರಿಕದ ಗುಡ್ಡಗಾಡಿನವರ ಸಂಗೀತ. ಅದಕ್ಕೂ ಮೈಸೂರಿನ ನಿಮಗೂ ಏನೇ ನಂಟು ಎಂದು ಕನ್ನಡ ಸಂಘದ ಕಸ್ತೂರಿ ಆಂಟಿ ಮೂಗು ಮುರಿದದ್ದುಂಟು. ನಂಟು ಇಷ್ಟೇ: ನನ್ನ ಗಂಡ ನಾಗೇಂದ್ರ ಚಿಕ್ಕಂದಿನಲ್ಲಿ ಮ್ಯಾಂಡೊಲಿನ್ ಕಲಿತಿದ್ದರು, ಈ ಊರಿನಲ್ಲಿ ಅದನ್ನು ಕೇಳುವ ಕಿವಿ ಇದ್ದದ್ದು ಆ ಹಾಲ್‌ನಲ್ಲಿ ಮಾತ್ರ. ಹದಿನೈದಿಪ್ಪತ್ತು ಜನ ದುಂಡಗೆ ಕುರ್ಚಿ ಹಾಕಿಕೊಂಡು ನುಡಿಸುತ್ತಾರೆ. ಟಿಕೆಟ್ ಇಲ್ಲ, ಸ್ಟೇಜ್ ಇಲ್ಲ, ತಪ್ಪಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಮಗಳು ಪೂರ್ವಿ ಪಿಟೀಲು ಹಿಡಿದದ್ದು ಅಲ್ಲೇ. ನನಗೆ ಗಿಟಾರ್‌ನಲ್ಲಿ ಬರುವುದು ಮೂರೇ ಕಾರ್ಡ್, ಅಂದರೆ ಮೂರೇ ಸ್ವರಗುಚ್ಛ. ಆ ಮೂರರಲ್ಲೇ ಸಂಸಾರ ನಿಭಾಯಿಸಿದೆ. ಅಲ್ಲಿ ನಕ್ಕಷ್ಟು ನಾವು ಮನೆಯಲ್ಲೂ ನಕ್ಕಿಲ್ಲ.

೨೦೧೬ರ ಜನವರಿಯಲ್ಲಿ ಇವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಗೊತ್ತಾಯಿತು. ನರಗಳು ಒಂದೊಂದಾಗಿ ಕೈಕೊಡುತ್ತವೆ, ವಾಸಿ ಮಾಡುವ ಔಷಧಿ ಇಲ್ಲ. ಡಾಕ್ಟರು ಬಹಳ ನಯವಾಗಿ ಹೇಳಿದರು. ನಯವಾಗಿ ಹೇಳಿದರೆ ಸಾವು ಚಿಕ್ಕದಾಗುತ್ತದೆಯೇ? ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಪಾಪ, ಅವನದೇನೂ ತಪ್ಪಿಲ್ಲ.

ಮೊದಲು ಎಡಗೈಯ ಕಿರುಬೆರಳು ಹೋಯಿತು. ಇವರು ತಂತಿ ಒತ್ತಲು ಉಳಿದ ಮೂರು ಬೆರಳಿಗೆ ಹೊಂದುವಂತೆ ಒಂದು ಟ್ಯೂನನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಆ ಕೂಟದಲ್ಲಿ ಹಾಡಿನ ನಡುವೆ ಒಬ್ಬೊಬ್ಬರಿಗೂ ಒಂಟಿಯಾಗಿ ನುಡಿಸಲು ಅರ್ಧ ನಿಮಿಷ ಸಿಗುತ್ತದೆ. ಅವರು ಅದನ್ನು ಬ್ರೇಕ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ತನಿ ಅನ್ನುತ್ತೇವೆ.

"ಇದೊಂದು ತನಿ ಎಲ್ಲರ ಮುಂದೆ ನುಡಿಸ್ಬಿಡ್ತೀನಿ ಕಣೇ. ಆಮೇಲೆ ಹೋದ್ರೆ ಹೋಗ್ಲಿ ಬೆರಳು," ಎಂದರು.

ಮೂರು ತಿಂಗಳು ಅದೇ ಅರ್ಧ ನಿಮಿಷ. ಬೆಳಗ್ಗೆ ಕಾಫಿಗೂ ಮೊದಲೇ ಶುರು. ಏಪ್ರಿಲ್ ಹೊತ್ತಿಗೆ ಕೇಳುವಂತಾಯಿತು. ಕೇಳುವಂತೇನು, ಚೆನ್ನಾಗಿಯೇ ಇತ್ತು.

ಆ ಭಾನುವಾರ ಹಾಡು ನಡೆಸುತ್ತಿದ್ದವನು ಟ್ರೆವರ್. ನಿವೃತ್ತ ಲಾರಿ ಡ್ರೈವರ್, ಆಳು ಗಜಗಾತ್ರ, ಮನಸ್ಸು ಬೆಣ್ಣೆ. ಅವನು ಯಾರ ಕಡೆ ನೋಡುತ್ತಾನೋ ಅವರದು ಸರದಿ. ಬೇಡವಾದರೆ ತಲೆ ಅಲ್ಲಾಡಿಸಬೇಕು, ಸರದಿ ಮುಂದಿನವರಿಗೆ ಹೋಗುತ್ತದೆ. ಹಾಡು ನಿಲ್ಲುವುದಿಲ್ಲ, ಮಾತಿಗೆ ಜಾಗವಿಲ್ಲ. ಇವರು ತಂತಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಆ ಬೆರಳು ನಡುಗುವುದನ್ನು ಕಂಡು ಟ್ರೆವರ್‌ನ ಕರುಳು ಚುರ್ ಎಂದಿರಬೇಕು. ಇವರ ಹಿಂದೆ ಗಿಟಾರ್ ಹಿಡಿದು ನಿಂತಿದ್ದ ನನ್ನತ್ತ ನೋಡಿ, ಆಗುತ್ತದಾ ಎಂಬಂತೆ ಹುಬ್ಬೇರಿಸಿದ.

ನಾನು ತಲೆದೂಗಿದೆ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರು ತೂಗುವ ಹಾಗೆ, ಎಡಕ್ಕೂ ಬಲಕ್ಕೂ, ಕಣ್ಣು ತುಂಬಿಕೊಂಡು. ಆಗದೆ ಏನಪ್ಪಾ, ಕೊಡು ಅವರಿಗೆ! ಎಂಟು ವರ್ಷದಿಂದ ಈ ದೇಶದಲ್ಲಿ ಹೂಂ ಅನ್ನಲು ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ರೂಢಿಯಾಗಿದ್ದ ನನಗೆ, ಆ ಗಳಿಗೆಯಲ್ಲೇ ಮೈಸೂರಿನ ಕುತ್ತಿಗೆ ವಾಪಸ್ ಬರಬೇಕೇ? ಟ್ರೆವರ್ ಅರ್ಥವಾಯಿತೆಂಬಂತೆ ಒಮ್ಮೆ ಕಣ್ಣು ಮುಚ್ಚಿ ತೆರೆದು, ಬ್ಯಾಂಜೊದವನ ಕಡೆ ತಿರುಗಿದ. ಬ್ಯಾಂಜೊ ಶುರುವಾಯಿತು. ಇವರ ಬೆರಳು ಇನ್ನೂ ತಂತಿಯ ಮೇಲೇ ಇತ್ತು.

ಮನೆಗೆ ಬರುವಾಗ ಕಾರು ನಾನೇ ಓಡಿಸುತ್ತಿದ್ದೆ.

"ಟ್ರೆವರ್ ನಿನ್ನನ್ನ ನೋಡ್ದ. ನೀನೇನಂದೆ?" ಎಂದು ಕೇಳಿದರು.

"ಹೂಂ ಅಂದೆ ರೀ. ದೇವರಾಣೆ."

ಇವರು ಹಿಂದಿನ ಸೀಟಿಗೆ ತಿರುಗಿದರು. "ಪೂರ್ವಿ, ಅಮ್ಮ ಏನಂದ್ಲು ಪುಟ್ಟಾ?"

ಹನ್ನೆರಡು ವರ್ಷದ ಪೂರ್ವಿ ಇಲ್ಲೇ ಬೆಳೆದವಳು. ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಶಿ ಸೆಡ್ ನೋ, ಅಪ್ಪಾ. ಶಿ ಶುಕ್ ಹರ್ ಹೆಡ್. ಐ ಸಾ ಹರ್."

ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಅವಳ ಕಣ್ಣಿಗೆ ಕಂಡದ್ದೇ ಅದು. ಮಗಳಿಗೆ ಮಾತು ಕಲಿಸಿದ್ದೆ, ತಲೆದೂಗುವುದನ್ನು ಕಲಿಸಿರಲಿಲ್ಲ. ನಾನು ವಿವರಿಸಿದೆ, ಕೂಗಾಡಿದೆ, ಅತ್ತೆ. ವಿವರಿಸಿದಷ್ಟೂ ಅದು ಸಿಕ್ಕಿಬಿದ್ದವಳ ಸಬೂಬಿನಂತೆಯೇ ಕೇಳುತ್ತಿತ್ತು.

"ಬಿಡು ಪದ್ಮಾ. ಎಲ್ಲರೆದುರು ನನ್ನ ಮಾನ ಹೋಗ್ಬಾರ್ದು ಅಂತ ತಾನೆ? ನಂಗೇನೂ ಬೇಜಾರಿಲ್ಲ."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು. ಅದರ ಬದಲು ಬಾಯಿಗೆ ಬಂದಂತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಯಲ್ಲಾದರೂ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ ಎಂದು ಗೋಗರೆದೆ. "ನಿನಗೇ ನಂಬಿಕೆ ಇಲ್ಲದ್ದು ಇನ್ಯಾರಿಗೆ?" ಎಂದು ನಕ್ಕರು. ಮ್ಯಾಂಡೊಲಿನ್ ಪೆಟ್ಟಿಗೆಯ ಮುಚ್ಚಳ ತೆರೆಯಲೇ ಇಲ್ಲ.

ಕೊನೆಗೆ ನಾನು ಟ್ರೆವರ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವನು ಮರುದಿನವೇ ಮನೆಗೆ ಬಂದು, "ತಪ್ಪು ತಿಳಿದದ್ದು ನಾನು, ಮೇಟ್, ನಿನ್ನ ಹೆಂಡತಿಯಲ್ಲ," ಎಂದು ಇವರ ಕೈ ಹಿಡಿದುಕೊಂಡ. ಇವರು ನಂಬಿದರೋ, ಅವನ ಮುಖ ನೋಡಿ ಒಪ್ಪಿದರೋ ತಿಳಿಯದು. ಅಂತೂ ಮೇ ತಿಂಗಳ ಭಾನುವಾರಕ್ಕೆ ಬಂದರು. ನಾನು ಇವರಿಗೆ ಕಾಣುವಂತೆ ಪಕ್ಕದಲ್ಲೇ ಕೂತೆ.

ಟ್ರೆವರ್ ಮೊದಲ ಸರದಿಯನ್ನೇ ಇವರಿಗೆ ಕೊಟ್ಟ. ಹಾಡಿನ ವೇಗ ಇಳಿಸಿದ, ಎಲ್ಲರೂ ದನಿ ತಗ್ಗಿಸಿದರು. ಇವರು ಬಲಗೈಯ ಪಿಕ್‌ನಿಂದ ತಂತಿ ಮೀಟಿದರು. ಎಡಗೈಯ ಉಂಗುರದ ಬೆರಳು ತಂತಿಯನ್ನು ಮುಟ್ಟಿತೇ ಹೊರತು ಒತ್ತಲಿಲ್ಲ. ಟಪ್ ಎಂದಿತು, ಮತ್ತೊಮ್ಮೆ ಟಪ್. ಟ್ರೆವರ್ ಹಾಡನ್ನು ಇನ್ನೊಂದು ಸುತ್ತು ತಂದ, ಮತ್ತೊಂದು ಸುತ್ತು ತಂದ. ಪೂರ್ವಿ ಕಮಾನು ಕೆಳಗಿಟ್ಟು ನೆಲ ನೋಡುತ್ತಿದ್ದಳು. ನಾನು ಒಂದೇ ಕಾರ್ಡನ್ನು ಮೀಟುತ್ತಾ ಇದ್ದೆ.

ಇವರು ಮ್ಯಾಂಡೊಲಿನ್ ಎತ್ತಿ ನನ್ನ ಗಿಟಾರ್‌ಗೆ ಒರಗಿಸಿದರು.

"ಹೋದ್ ತಿಂಗಳು ಬರ್ತಿತ್ತು, ಪದ್ಮಾ," ಎಂದರು.