ಹದಿನೇಳನೆಯ ಸೆಲ್ಲು

"ಶುರುವಾಯ್ತು ನೋಡಿ. ಕೇಳಿಸ್ತಾ?" ಎಂದು ಕಂಟ್ರೋಲ್ ರೂಮಿನ ಆಪರೇಟರ್ ವೈರ್‌ಲೆಸ್ಸಿನಲ್ಲಿ ಕೂಗಿದಳು.

ವೈರ್‌ಲೆಸ್ ಟವರುಗಳನ್ನು ನೋಡಿಕೊಳ್ಳುವ ಟವರಣ್ಣನಿಗೆ ಕೇಳಿಸದೆ ಏನು? ಗುಂಯ್ ಎನ್ನುವ ಸದ್ದು ಅವಳ ಮಾತನ್ನು ಅರ್ಧಕ್ಕರ್ಧ ನುಂಗಿ ಹಾಕಿತ್ತು. ಅವನು ಗಡಿಯಾರ ನೋಡಿದ. ಒಂಬತ್ತು ಗಂಟೆ ಎರಡು ನಿಮಿಷ. ಬೆಳಿಗ್ಗೆಯಿಂದ ತಣ್ಣಗಿದ್ದ ಸೆಟ್ಟು, ಕೆಳಗಿನ ಬೀದಿಯ ಹೊಲಿಗೆ ಕಾರ್ಖಾನೆ ಬಾಗಿಲು ತೆರೆದ ಎರಡೇ ನಿಮಿಷಕ್ಕೆ ರಾಗ ತೆಗೆದಿತ್ತು. ಎರಡು ತಿಂಗಳಿಂದ ಇದೇ ಹಾಡು. ಸಂಜೆ ಆರಕ್ಕೆ ಕಾರ್ಖಾನೆ ಮುಚ್ಚಿದರೆ ಸದ್ದೂ ನಿಲ್ಲುತ್ತಿತ್ತು.

ಊರಿನ ಆಂಬುಲೆನ್ಸುಗಳೆಲ್ಲ ಮಾತಾಡುವುದು ಈ ಟವರಿನ ಮೂಲಕ. ಕಳೆದ ವಾರ ಒಬ್ಬ ಡ್ರೈವರ್ ವಿಳಾಸವನ್ನು ನಾಲ್ಕು ಸಲ ಕೇಳಿ, ಕೊನೆಗೆ ಗಾಡಿ ನಿಲ್ಲಿಸಿ ಫೋನು ಮಾಡಿ ತಿಳಿದುಕೊಂಡು ಹೋಗಿದ್ದ. ಕಾಯುತ್ತಿದ್ದ ಮುದುಕ ಉಳಿದದ್ದು ಅವನ ಪುಣ್ಯ. ಅಲ್ಲಿಗೆ ಮೇಲಿನವರ ತಾಳ್ಮೆ ಮುಗಿಯಿತು. ಇವತ್ತು ನಾಲ್ಕು ಗಂಟೆಯೊಳಗೆ ಟವರಣ್ಣ ವರದಿಗೆ ಸಹಿ ಹಾಕಬೇಕು. ಅವನಿಗೆ ಬರೆಯುವ ಕಷ್ಟ ಬೇಡವೆಂದು ಸೂಪರ್‌ವೈಸರ್ ಆಗಲೇ ಟೈಪ್ ಮಾಡಿಸಿ ಕಳಿಸಿದ್ದರು. "ತೊಂದರೆಯ ಮೂಲ: ಹೊರಗಿನ ಹೊಲಿಗೆ ಯಂತ್ರಗಳು." ಸಹಿ ಬಿದ್ದರೆ ಕರೆಂಟಿನವರು ಸಂಜೆಯೇ ಬಂದು ಕಾರ್ಖಾನೆಯ ಲೈನು ಕತ್ತರಿಸುತ್ತಾರೆ.

ಕಾರ್ಖಾನೆ ಟವರಣ್ಣನ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಎರಡು ಮೆಷಿನ್ನಿನಿಂದ ಶುರುಮಾಡಿ ಹನ್ನೆರಡಕ್ಕೆ ತಂದವಳು. ಹನ್ನೆರಡು ಮನೆಗಳ ಒಲೆ ಆ ಒಂದು ಲೈನಿನ ಮೇಲೆ ಉರಿಯುತ್ತಿತ್ತು.

ಸೂಪರ್‌ವೈಸರ್ ಫೋನು ಬಂತು. "ನಿಮ್ಮ ಅತ್ತಿಗೆ ಅಂತ ಗೊತ್ತು. ಅದಕ್ಕೇ ಹೇಳ್ತಿರೋದು. ನೀವು ಬೇರೆ ಏನಾದ್ರೂ ಬರೆದ್ರೆ ಜನ ಏನಂತಾರೆ? ಕಣ್ಣು ಮುಚ್ಕೊಂಡು ಸಹಿ ಹಾಕಿ."

"ನಾಲ್ಕು ಗಂಟೆಗೆ ಇನ್ನೂ ಹೊತ್ತಿದೆ ಸಾರ್," ಎಂದು ಟವರಣ್ಣ ಫೋನಿಟ್ಟ. ಎರಡು ತಿಂಗಳಲ್ಲಿ ಅವನು ಮಾಡದ್ದು ಏನೂ ಉಳಿದಿರಲಿಲ್ಲ. ನೆಲಕ್ಕಿಳಿಸಿದ ತಂತಿಗಳನ್ನು ಕೆರೆದು ಬಿಗಿದಿದ್ದ, ಆಂಟೆನಾ ಕೇಬಲ್ಲಿನ ಒಂದೊಂದು ಗಂಟನ್ನೂ ಬಿಚ್ಚಿ ಕಟ್ಟಿದ್ದ. ಆದರೂ ಸದ್ದು ಹೋಗದು ಎಂದರೆ ಹೋಗದು. ಇವತ್ತು ಮಾತ್ರ ಇದರ ಬುಡ ನೋಡದೆ ಬಿಡುವುದಿಲ್ಲವೆಂದು ಹಟ ತೊಟ್ಟು, ಕೈಯಲ್ಲಿ ವೈರ್‌ಲೆಸ್ ಹಿಡಿದು ಬೀದಿಗೆ ಇಳಿದ.

ಅತ್ತಿಗೆ ಕೊರಳಿಗೆ ಟೇಪು ಹಾಕಿಕೊಂಡು ಮೇಜಿನ ಮೇಲೆ ನೀಲಿ ಬಟ್ಟೆ ಹರಡುತ್ತಿದ್ದಳು. ಆಸ್ಪತ್ರೆಯ ನರ್ಸುಗಳ ಸಮವಸ್ತ್ರ, ಸೋಮವಾರಕ್ಕೆ ಕೊಡಬೇಕಾದದ್ದು.

"ಬಾರಪ್ಪ. ಮುಖ ಯಾಕೆ ಹೀಗೆ ಬಾಡಿದೆ? ತಿಂಡಿ ತಿಂದ್ಯಾ?"

"ಆಯ್ತು ಅತ್ತಿಗೆ. ಒಂದು ಹತ್ತು ನಿಮಿಷ ಎಲ್ಲಾ ಮೆಷಿನ್ ನಿಲ್ಲಿಸಿ. ಆಮೇಲೆ ನಾನು ಹೇಳ್ದಂಗೆ ಒಂದೊಂದೇ ಶುರುಮಾಡಿ."

ನಾಲ್ಕು ಮೆಷಿನ್ ಓಡಿದಾಗ ಏನೂ ಇಲ್ಲ. ಎಂಟಕ್ಕೆ ಸಣ್ಣಗೆ ಎದ್ದಿತು. ಹನ್ನೆರಡನೆಯದನ್ನು ತುಳಿಯುತ್ತಲೇ ಅವನ ಕೈಯಲ್ಲಿದ್ದ ವೈರ್‌ಲೆಸ್ ಎಲ್ಲರಿಗೂ ಕೇಳುವ ಹಾಗೆ ಗುಂಯ್‌ಗುಟ್ಟಿತು.

"ನಮ್ಮ ಬಾಯೇ ಜೋರು ಅನ್ಕೊಂಡಿದ್ವಿ, ಮೆಷಿನ್ ಅದಕ್ಕಿಂತ ಜೋರು," ಎಂದಳು ಗುಂಡಿ ಹಾಕುವವಳು. ಯಾರೂ ನಗಲಿಲ್ಲ.

ಅತ್ತಿಗೆ ಕತ್ತರಿ ಕೆಳಗಿಟ್ಟಳು. "ಹಾಗಾದ್ರೆ ನಮ್ದೇ ತಪ್ಪು ಅನ್ನು. ನಮ್ಮೋರು ಅಂತ ಸುಳ್ಳು ಬರೀಬೇಡ ಮತ್ತೆ. ಅತ್ತ ಯಾರೋ ಆಂಬುಲೆನ್ಸಿಗೆ ಕಾಯ್ತಾ ಇರ್ತಾರೆ."

ಟವರಣ್ಣ ವೈರ್‌ಲೆಸ್ಸಿನ ಸದ್ದು ತಗ್ಗಿಸಿದ. ಅವಳೇ ಮತ್ತೆ ಕೇಳಿದಳು.

"ಆದ್ರೆ ಒಂದು ಹೇಳು. ಹನ್ನೆರಡು ಮೆಷಿನ್ ಬಂದು ಎಂಟು ವರ್ಷ ಆಯ್ತು. ನಿಮ್ಮ ಟವರಿಗೆ ತಲೆನೋವು ಬಂದಿದ್ದು ಎರಡು ತಿಂಗಳಿಂದ. ನಮ್ಮಲ್ಲಿ ಸೂಜಿ ಬಿಟ್ರೆ ಏನೂ ಬದಲಾಗಿಲ್ಲ. ನಿಮ್ಮಲ್ಲಿ ಏನು ಬದಲಾಯ್ತು? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೋಗು, ನಿನ್ನ ಮನೆ ಒಂದ್ಸಲ ನೋಡ್ಕೊ."

ಮೆಟ್ಟಿಲು ಹತ್ತುತ್ತ ಅವಳ ಮಾತನ್ನೇ ತಿರುವಿ ಹಾಕಿದ. ಟವರ್ ಕೋಣೆಯಲ್ಲಿ ತಾನಾಗಿ ಬದಲಾಗುವ ವಸ್ತು ಒಂದೇ, ಬ್ಯಾಟರಿ. ಕರೆಂಟು ಹೋದಾಗ ಟವರನ್ನು ಹೊರುವುದು ಅದರ ಕೆಲಸವೆಂದು ಎಲ್ಲರಿಗೂ ಗೊತ್ತು. ಕರೆಂಟು ಇದ್ದಾಗಲೂ ಅದಕ್ಕೊಂದು ಕೆಲಸ ಇದೆ. ಚಾರ್ಜರ್‌ನಿಂದ ನುಸುಳಿ ಬರುವ, ಮೆಷಿನ್ನುಗಳು ಕರೆಂಟು ಲೈನಿಗೆ ಬೆರೆಸಿದ ಗದ್ದಲವನ್ನೆಲ್ಲ ನುಂಗಿಕೊಂಡು ಸೆಟ್ಟಿಗೆ ತಿಳಿಯಾದ ಕರೆಂಟು ಕೊಡುವುದು. ಬ್ಯಾಟರಿ ಸತ್ತರೆ ಆ ಗದ್ದಲ ನೇರ ಸೆಟ್ಟಿಗೇ ಹೋಗುತ್ತದೆ.

ಆದರೆ ಬ್ಯಾಟರಿ ಸರಿಯಿದೆಯಲ್ಲ! ಲಾಗ್ ಪುಸ್ತಕ ತೆಗೆದ. ಇಪ್ಪತ್ತನಾಲ್ಕು ಸೆಲ್ಲು, ಇಪ್ಪತ್ತನಾಲ್ಕು ಮನೆ, ಪ್ರತಿಯೊಂದರಲ್ಲೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 2.25 ವೋಲ್ಟು. ಕೆಳಗೆ ಒಟ್ಟು 54. ಈ ತಿಂಗಳೂ ಅದೇ, ಹೋದ ತಿಂಗಳೂ ಅದೇ, ಇಪ್ಪತ್ತಾರು ತಿಂಗಳಿಂದಲೂ ಅದೇ. ಹೊಸಬರಿಗೆ ಸೂಪರ್‌ವೈಸರ್ ಈ ಪುಸ್ತಕ ತೋರಿಸಿ, "ಲಾಗ್ ಅಂದ್ರೆ ಹೀಗಿರಬೇಕು" ಎನ್ನುತ್ತಿದ್ದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಟವರಣ್ಣನ ಕಿವಿ ಬಿಸಿಯಾಯಿತು.

ನಿಯಮ ಬೇರೆಯೇ ಇತ್ತು. ತಿಂಗಳಿಗೊಮ್ಮೆ ಮೇನ್ಸ್, ಅಂದರೆ ಹೊರಗಿನ ಕರೆಂಟು, ಇಳಿಸಿ, ಅರ್ಧ ಗಂಟೆ ಟವರನ್ನು ಬ್ಯಾಟರಿಯ ಮೇಲೆ ಓಡಿಸಿ, ಒಂದೊಂದೇ ಸೆಲ್ಲಿಗೆ ಮೀಟರ್ ಕಡ್ಡಿ ಮುಟ್ಟಿಸಿ ಓದಬೇಕು. ಎರಡು ವರ್ಷಕ್ಕೂ ಹಿಂದೆ ಒಮ್ಮೆ ಹಾಗೆ ಇಳಿಸಿದಾಗ ಬ್ಯಾಟರಿ ತಾಳದೆ ಟವರ್ ಮಾತು ನಿಲ್ಲಿಸಿ ಮಲಗಿಬಿಟ್ಟಿತ್ತು. ಅಂದು ಜನರೇಟರೂ ಕೈಕೊಟ್ಟಿತು. ಎಲ್ಲರೆದುರು ಅವನು ಬೈಸಿಕೊಂಡ. ಬ್ಯಾಟರಿ ಹೊಸದು ಬಂತು, ಹೆದರಿಕೆ ಮಾತ್ರ ಉಳಿಯಿತು. ಅಂದಿನಿಂದ ಆ ಸ್ವಿಚ್ಚನ್ನು ಅವನು ಮುಟ್ಟಿರಲಿಲ್ಲ. ಚಾರ್ಜರ್ ಓಡುತ್ತಿರುವಾಗಲೇ ಸಾಲಿನ ಎರಡು ತುದಿಗೆ ಮೀಟರ್ ಹಿಡಿದು, ಬಂದ ಐವತ್ತನಾಲ್ಕನ್ನು ಇಪ್ಪತ್ತನಾಲ್ಕರಿಂದ ಭಾಗಿಸಿ ಮನೆಗಳನ್ನು ತುಂಬುತ್ತಿದ್ದ. ಆ ಐವತ್ತನಾಲ್ಕು ಬ್ಯಾಟರಿಯದಲ್ಲ, ಚಾರ್ಜರಿನದು ಎಂಬುದು ಗೊತ್ತಿಲ್ಲದ ಕೆಲಸಗಾರನೇನಲ್ಲ ಅವನು. ಮೊದಮೊದಲು ನಾಚಿಕೆ ಆಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಈಚೆಗೆ ಕರೆಂಟು ಹೋದದ್ದೇ ಎರಡು ಸಲ. ಅದೂ ಮುಂಚೆಯೇ ತಿಳಿಸಿ ತೆಗೆದಿದ್ದರಿಂದ ಜನರೇಟರ್ ಸಿದ್ಧವಾಗಿತ್ತು, ಬ್ಯಾಟರಿಯ ಬಣ್ಣ ಬಯಲಾಗಿರಲಿಲ್ಲ.

ಕಂಟ್ರೋಲ್ ರೂಮಿಗೆ ಕರೆದ. "ಈಗ ಗಾಡಿ ಯಾವುದಾದ್ರೂ ಹೊರಗಿದೆಯಾ ಮೇಡಂ?"

"ಎಲ್ಲಾ ನಿಂತಿವೆ. ಯಾಕೆ?"

"ಹತ್ತು ನಿಮಿಷ ಡ್ರೈವರ್‌ಗಳ ಹತ್ರ ಫೋನಲ್ಲೇ ಮಾತಾಡಿ. ಮೇನ್ಸ್ ಇಳಿಸ್ತೀನಿ. ಟವರ್ ಬೀಳಬಹುದು."

"ಬೀಳಬಹುದು ಅಂತ ಗೊತ್ತಿದ್ದೂ ಇಳಿಸ್ತೀರಾ?"

"ಗೊತ್ತಿರೋದಕ್ಕೇ ಇಳಿಸ್ತೀನಿ."

ಮೊದಲು ಜನರೇಟರ್ ಹಚ್ಚಿ, ಅದು ಹದಕ್ಕೆ ಬರುವವರೆಗೆ ಕಾದ. ಆಮೇಲೆ ಮೇನ್ಸ್ ಎಳೆದ. ಮೀಟರ್ ಐವತ್ತನಾಲ್ಕರಿಂದ ನಲವತ್ತಾರಕ್ಕೆ, ಅಲ್ಲಿಂದ ನಲವತ್ತಕ್ಕೆ ಜಾರಿತು. ಹನ್ನೊಂದು ಎಣಿಸುವಷ್ಟರಲ್ಲಿ ಸೆಟ್ಟಿನ ಹಸಿರು ದೀಪಗಳೆಲ್ಲ ಆರಿದವು. ಅರ್ಧ ಗಂಟೆ ಹೊರಬೇಕಾದ ಬ್ಯಾಟರಿ!

ಜನರೇಟರಿಗೆ ಬದಲಾಯಿಸಿದ. ದೀಪಗಳು ಮರಳಿದ ಮೇಲೆ ಮೊಣಕಾಲೂರಿ ಒಂದೊಂದೇ ಸೆಲ್ಲಿಗೆ ಕಡ್ಡಿ ಮುಟ್ಟಿಸುತ್ತ ಹೋದ. 2.19. 2.20. 2.19. ಹದಿನೇಳನೆಯದಕ್ಕೆ ಬಂದಾಗ 3.46. ತಾನು ಕೆಟ್ಟು, ಉಳಿದವರ ಪಾಲನ್ನೂ ತಾನೇ ಎಳೆದುಕೊಂಡು, ಒಟ್ಟು ಲೆಕ್ಕದಲ್ಲಿ ಮಾತ್ರ ಸಾಚಾ ಆಗಿ ಕುಳಿತಿತ್ತು. ಪಕ್ಕ ಉಬ್ಬಿತ್ತು, ತಲೆಯ ಮೇಲೆ ಬಿಳಿ ಪುಡಿ ಕಟ್ಟಿತ್ತು. ಬಗ್ಗಿ ನೋಡಿದ್ದರೆ ಕಣ್ಣಿಗೇ ಕಾಣುತ್ತಿತ್ತು.

ಬ್ಯಾಟರಿ ಸಾಲನ್ನು ಬಿಡಿಸಿ, ಆ ಸೆಲ್ಲನ್ನು ಹೊರಗೆ ತೆಗೆದು, ಹದಿನಾರು ಮತ್ತು ಹದಿನೆಂಟರ ನಡುವೆ ದಪ್ಪ ತಂತಿ ಬಿಗಿದ. ಒಂದು ಸೆಲ್ಲು ಕಡಿಮೆಯಾದಷ್ಟಕ್ಕೆ ಚಾರ್ಜರನ್ನೂ ಇಳಿಸಿದ. ಸಾಲನ್ನು ಜೋಡಿಸಿ, ಮೇನ್ಸ್ ಏರಿಸಿ, ಕಿವಿಗೆ ವೈರ್‌ಲೆಸ್ ಇಟ್ಟುಕೊಂಡ. ಕೆಳಗೆ ಹನ್ನೆರಡೂ ಮೆಷಿನ್ ಓಡುತ್ತಿರುವುದು ಕಿಟಕಿಯಿಂದ ಕೇಳುತ್ತಿತ್ತು.

"ಕೇಳಿಸ್ತಾ ಮೇಡಂ?"

"ಪಕ್ಕದಲ್ಲೇ ಕೂತು ಮಾತಾಡಿದಂಗಿದೆ," ಎಂದಳು ಆಪರೇಟರ್.

ಟವರಣ್ಣನಿಗೆ ಅಳುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಲಾಗ್ ಪುಸ್ತಕದ ಕಡೆ ಕಣ್ಣು ಹೋಯಿತು. ಟೈಪ್ ಮಾಡಿದ ಸಾಲನ್ನು ಹೊಡೆದು ಹಾಕಿ ಅದರ ಕೆಳಗೆ ಬರೆದ: "ತೊಂದರೆಯ ಮೂಲ: ಕೆಟ್ಟ ಸೆಲ್ಲು. ಇಪ್ಪತ್ತಾರು ತಿಂಗಳು ಪರೀಕ್ಷೆ ಮಾಡದೆ ಲಾಗ್ ಬರೆದವನು ನಾನು." ಸಹಿ ಹಾಕಿ, ಫೋಟೋ ತೆಗೆದು ಕಳಿಸಿದ. ಆಗ ಎರಡೂ ಕಾಲು ಗಂಟೆ.

ಸೂಪರ್‌ವೈಸರ್ ಕೂಡಲೇ ಕರೆದರು. "ನಿಮ್ಗೆ ತಲೆ ಕೆಟ್ಟಿದೆಯಾ? ಸೆಲ್ಲು ಹೋಯ್ತು ಅಂತಷ್ಟೇ ಬರೀರಿ. ಎರಡನೇ ಸಾಲು ಯಾಕೆ?"

"ಅದಿಲ್ದಿದ್ರೆ, ಅತ್ತಿಗೆಗೋಸ್ಕರ ಕಥೆ ಕಟ್ಟಿದ ಅಂತಾರೆ ಸಾರ್. ಮತ್ತೆ, ಅದು ನಿಜಾನೂ ಹೌದು."

"ನಾಳೆಯಿಂದ ವಿಚಾರಣೆ ಮುಗಿಯೋವರೆಗೂ ಮನೇಲಿರಬೇಕಾಗುತ್ತೆ."

"ನಾಳೆಯಿಂದ ತಾನೆ."

ಕಾರ್ಖಾನೆಯ ಬಾಗಿಲಲ್ಲಿ ನಿಂತು ಅತ್ತಿಗೆಗೆ ಎಲ್ಲವನ್ನೂ ಹೇಳಿದ. ಲೈನು ಉಳಿಯಿತು ಎಂದಾಗ ಅರಳಿದ ಅವಳ ಮುಖ, ಉಳಿದದ್ದನ್ನು ಕೇಳಿ ಬಾಡಿತು.

"ಕೆಲಸ ಹೋದ್ರೆ ಏನೋ ಮಾಡ್ತೀಯಾ?"

"ನಿಮ್ಮಲ್ಲಿ ಗುಂಡಿ ಹಾಕೋಕೆ ಸೇರ್ಕೋತೀನಿ."

"ನಿನ್ನ ಅಂಗಿ ಗುಂಡಿನೇ ನೆಟ್ಟಗೆ ಹಾಕ್ಕೊಳಲ್ಲ ನೀನು," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂತ್ಕೋ, ಊಟ ಮಾಡಿ ಹೋಗು."

"ಈಗ ಬೇಡ ಅತ್ತಿಗೆ. ಇಂಥ ಪುಸ್ತಕ ಅಕ್ಕಪಕ್ಕದ ಊರಿನ ಇನ್ನೂ ಮೂರು ಟವರಲ್ಲಿದೆ. ಎಲ್ಲಾ ನನ್ನ ಕೈಬರಹವೇ."

ಎರಡನೆಯ ಟವರಿನ ಕೋಣೆ ತಲುಪಿದಾಗ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಬೀಗ ತೆರೆದು, ಜನರೇಟರ್ ಹಚ್ಚಿ, ಕಂಟ್ರೋಲ್ ರೂಮಿಗೆ ತಿಳಿಸಿ ಮೇನ್ಸ್ ಇಳಿಸಿದ. ದೀಪಗಳು ಆರಲಿಲ್ಲ. ಬಕೆಟ್ಟನ್ನು ಮಗುಚಿ ಅದರ ಮೇಲೆ ಕುಳಿತು ಅರ್ಧ ಗಂಟೆ ಕಾದ. ಆಮೇಲೆ ತೊಡೆಯ ಮೇಲೆ ಪುಸ್ತಕದ ಖಾಲಿ ಹಾಳೆ ತೆರೆದಿಟ್ಟುಕೊಂಡು ಮೊದಲ ಸೆಲ್ಲಿಗೆ ಕಡ್ಡಿ ಮುಟ್ಟಿಸಿದ. 2.03. ಬರೆದ. ಅಕ್ಷರ ಸ್ವಲ್ಪ ಸೊಟ್ಟಗೆ ಬಂತು. ಕಡ್ಡಿಯನ್ನು ಎರಡನೆಯದಕ್ಕೆ ಸರಿಸಿದ.