ಇದ್ದ ಹಾಗೇ ಇರುವವಳು

"ಚೀಟೀಲಿ ನಂಗೆ ನಡಿಗೆ ಬಂತು, ನಿಂಗೆ ಇದ್ದ ಹಾಗೇ ಇರೋದು ಬಂತು. ಇದರಲ್ಲಿ ನಂದೇನಕ್ಕ ತಪ್ಪು?" ಅಂದಳು ಕಿರಿಸೊಸೆ.

ಹಿರಿಸೊಸೆ ತಲೆ ಎತ್ತಲಿಲ್ಲ, ಯಾರದೋ ಅಂಗಿಯ ಕಾಲರು ಒತ್ತುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವರ ಇಸ್ತ್ರಿ ಅಂಗಡಿ. ಅಣ್ಣತಮ್ಮಂದಿರು ಬಟ್ಟೆ ತಂದುಕೊಡುವುದು, ಹೆಂಡಂದಿರು ಇಸ್ತ್ರಿ ಮಾಡುವುದು. ವಾರಗಿತ್ತಿಯರಿಬ್ಬರಿಗೂ ಸಕ್ಕರೆ ಕಾಯಿಲೆ. ವ್ಯಾಯಾಮ ಮಾಡಿದರೆ ಇಂಥವರ ಹೃದಯಕ್ಕೆ ಏನಾಗುತ್ತೆ ಅಂತ ಆಸ್ಪತ್ರೆಯವರು ಪರೀಕ್ಷೆ ಶುರುಮಾಡಿದಾಗ ಇಬ್ಬರೂ ಒಟ್ಟಿಗೇ ಸೇರಿದ್ದರು. ಚೀಟಿ ಎತ್ತಿ ಅರ್ಧ ಜನರನ್ನು ಬೆಳಗಿನ ತರಗತಿಗೆ ಹಾಕಿದರು: ಬಿರುಸು ನಡಿಗೆ, ಆಮೇಲೆ ಕಸರತ್ತು. ಮಿಕ್ಕವರು ಮಾತ್ರೆ ನುಂಗಿಕೊಂಡು ಎಂದಿನಂತೆ ಇರಬೇಕು, ಅವರ ಸರದಿ ಪರೀಕ್ಷೆ ಮುಗಿದ ಮೇಲೆ.

ಎಂದಿನಂತೆ ಇರುವುದು ಅಂದರೆ ಏನು ಸುಮ್ಮನೆಯಾ? ಕಿರಿಯವಳು ತರಗತಿಗೆ ಹೋದ ಹೊತ್ತಿನ ಬಟ್ಟೆಯೆಲ್ಲ ಹಿರಿಯವಳ ಮೇಜಿಗೇ ಬಂದು ಬಿತ್ತು. ಗೊಣಗಿದರೆ ಅತ್ತೆ, ದಿನವಿಡೀ ನಿಂತು ಕೈ ಆಡಿಸ್ತೀಯಲ್ಲ, ಇದಕ್ಕಿಂತ ವ್ಯಾಯಾಮ ಬೇಕಾ ಅಂದರು. ಗಂಡ ನಕ್ಕ. ಆಗ ಅವಳೂ ನಕ್ಕಿದ್ದಳು.

ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಫಲಿತಾಂಶ ಬಿಡಿಸಿ ಹೇಳಿದ್ದರು. ಸಕ್ಕರೆ ಕಾಯಿಲೆಯವರ ರಕ್ತನಾಳಗಳಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ ಒಂದು ಉರಿಯೂತ ಇರುತ್ತಂತೆ. ನೋವಿಲ್ಲ, ಜ್ವರವಿಲ್ಲ, ಸದ್ದಿಲ್ಲದೆ ನಾಳಗಳನ್ನು ಕೆಡಿಸಿ ಹೃದಯಕ್ಕೆ ಕುತ್ತು ತರುತ್ತಂತೆ. ಬಿಡದೆ ವ್ಯಾಯಾಮ ಮಾಡಿದರೆ, ತೂಕ ಇಳಿಯದಿದ್ದರೂ ಅದು ತಗ್ಗಬಹುದಂತೆ. ಕಿರಿಯವಳದ್ದು ತಗ್ಗಿತ್ತು. ಹಿರಿಯವಳದ್ದು ಏರಿತ್ತು, ಹೃದಯದ ಪರೀಕ್ಷೆಯೂ ಚೆನ್ನಾಗಿ ಬಂದಿರಲಿಲ್ಲ. ಹಾಗಾದ್ರೆ ಇಸ್ತ್ರಿ ಮಾಡೋದು ಲೆಕ್ಕಕ್ಕಿಲ್ವಾ ಅಂತ ಅವಳು ಕೇಳಿದಳು. ನಿಂತಲ್ಲೇ ನಿಂತರೆ ಕಾಲು ಊದುತ್ತೆ ಅಷ್ಟೇ ಕಣಮ್ಮ, ಉಸಿರು ಸ್ವಲ್ಪ ಜೋರಾಗೋ ಹಾಗೆ ನಡೀಬೇಕು, ನಾಳೆಯಿಂದಲೇ ನಿಧಾನವಾಗಿ ಶುರುಮಾಡಿ ಅಂದರು ಡಾಕ್ಟರಮ್ಮ.

ನಾಳೆಯಿಂದ ಬೆಳಗ್ಗೆ ಅಂಗಡಿ ತೆರೆಯುವವರು ಯಾರು? ಆಫೀಸಿಗೆ ಹೋಗುವ ಗಿರಾಕಿಗಳು ಬರುವುದೂ ಅದೇ ಹೊತ್ತಿಗೆ. ಅಣ್ಣತಮ್ಮಂದಿರಿಗೂ ಎರಡೆರಡು ಕೈಗಳಿವೆ ಅನ್ನುವುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಹಿರಿಸೊಸೆಗೂ. ಒಂದು ದಿನ ಅವಳು, ಒಂದು ದಿನ ಇವಳು ಹೋಗಲಿ ಅಂದ ಹಿರಿಯವಳ ಗಂಡ.

"ಬಿಟ್ಟರೆ ನಂದು ಮತ್ತೆ ಏರುತ್ತಂತೆ ಭಾವ. ಡಾಕ್ಟ್ರೇ ಹೇಳಿದ್ದು," ಅಂದಳು ಕಿರಿಯವಳು. ಸುಳ್ಳೇನಲ್ಲ, ಡಾಕ್ಟರಮ್ಮ ಹಾಗೆಯೇ ಹೇಳಿದ್ದರು.

ಅತ್ತೆ ಹೊಸ್ತಿಲ ಬಳಿ ಕೂತು ನ್ಯಾಯ ತೀರಿಸಿದರು. "ಗುಣ ಕಂಡವಳದ್ದು ಯಾಕೆ ಕೆಡಿಸ್ತೀರಿ? ದೊಡ್ಡವಳು ಅಂದಮೇಲೆ ಸ್ವಲ್ಪ ಸೋತು ಬಾಳ್ಬೇಕು."

"ಅವಳಿಗೆ ಗುಣ ಕಂಡಿದ್ದು ಯಾರ ಕೈಯಿಂದ ಅತ್ತೆ? ಅವಳ ಪಾಲಿನ ಬಟ್ಟೆಗೆಲ್ಲ ಇಸ್ತ್ರಿ ಮಾಡಿದ್ದು ಯಾರು?"

ಕೊನೆಗೆ ಗಂಡ, ಭಿಕ್ಷೆ ಹಾಕುವವನ ಹಾಗೆ, "ಸರಿ, ಎರಡು ದಿನ ಹೋಗಿ ನೋಡು. ಅಂಗಡಿ ತಡವಾಗಿ ತೆಗೆಯೋಣ," ಅಂದ.

"ಎರಡು ದಿನ ಯಾಕೆ? ದಿನಾ ಹೋಗ್ತೀನಿ," ಅಂದಳು ಅವಳು.

ಬೆಳಗ್ಗೆ ಇಬ್ಬರೂ ಜೊತೆಗೇ ಹೊರಟರು. ಏರುರಸ್ತೆ ಬಂದದ್ದೇ ತಡ, ಕಿರಿಯವಳ ಕಾಲು ತಾನಾಗಿ ಮುಂದಾಯಿತು, ತಿರುವಿನಲ್ಲಿ ಅವಳು ಮರೆಯಾದಳು. ಹಿರಿಯವಳು ಕಾಂಪೌಂಡ್ ಗೋಡೆಗೆ ಕೈಯೂರಿ ನಿಂತಳು. ಅಷ್ಟರಲ್ಲಿ ಅವರ ಗಿರಾಕಿ, ಬ್ಯಾಂಕಿನ ಗುಮಾಸ್ತ, ಬಟ್ಟೆಗಂಟು ಹಿಡಿದು ಅಂಗಡಿ ಕಡೆಗೇ ಇಳಿದು ಬರುತ್ತಿದ್ದ. ಅವಳನ್ನು ಕಂಡು ಮುಖ ಅರಳಿಸಿ, ಗಂಟನ್ನು ಅವಳ ತೋಳಿನ ಮೇಲಿಟ್ಟು, ಆಫೀಸಿನ ಹೊತ್ತಿಗೆ ಬೇಕು ಅಂತ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದ. ಅವಳು ತಿರುವಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಗಂಟನ್ನು ಸೊಂಟಕ್ಕೇರಿಸಿಕೊಂಡು ಇಳಿಜಾರಿನಲ್ಲಿ ಮನೆ ಕಡೆ ನಡೆದಳು.