ಎಡಗಡೆಯಿಂದ ಬಂದ ದೋಣಿ

ಕಮಲಾಪುರದ ಹತ್ತಿರ ಕೆರೆಯ ಮೇಲೆ ನಮ್ಮದೊಂದು ಹಾಯಿದೋಣಿ ಕ್ಲಬ್ ಇದೆ ಎಂದರೆ ಕಲಬುರಗಿಯವರೇ ನಂಬುವುದಿಲ್ಲ. "ಈ ಬಿಸಲಾಗ ದೋಣಿ ಏನ್ರೀ ಮೇಡಂ?" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಆದರೆ ಇದೆ. ಏಳು ದೋಣಿ, ಮೂವತ್ತು ಚಿಲ್ಲರೆ ಸದಸ್ಯರು, ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಮಳೆಗಾಲ ಮುಗಿದು ಕೆರೆ ತುಂಬಿದ ಮೇಲೆ ದೋಣಿ ಇಳಿಸುತ್ತೇವೆ, ಸಂಕ್ರಾಂತಿಗೆ ಬಹುಮಾನದ ಕಪ್ಪಿಗಾಗಿ ಸ್ಪರ್ಧೆ ನಡೆಸುತ್ತೇವೆ, ಮಾರ್ಚಿನಲ್ಲಿ ನೀರು ಹಿಂದೆ ಸರಿದಾಗ ದೋಣಿಗಳನ್ನು ದಂಡೆಗೆಳೆದು ಹಾಯಿ ತೊಳೆದು ಮಡಚಿಡುತ್ತೇವೆ. ಇದನ್ನೆಲ್ಲ ವರ್ಷಕ್ಕೆ ಮೂರು ಸಲ ವಾರ್ತಾಪತ್ರ ಮಾಡಿ ಸದಸ್ಯರ ವಾಟ್ಸ್ಯಾಪಿಗೆ ಕಳಿಸುವವಳು ನಾನು, ವಿದ್ಯಾವತಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಜೇವರ್ಗಿ ಕಾಲೋನಿಯಲ್ಲಿ ಮನೆ. ಎಂಟು ವರ್ಷದಿಂದ ಕ್ಲಬ್ಬಿನ ಕಾರ್ಯದರ್ಶಿ.

ಅಧ್ಯಕ್ಷರು ವಕೀಲ ಶಿವಶರಣ. ಆರು ವರ್ಷದಿಂದ ಕಪ್ಪು ಅವರದೇ. ಅವರ ದೋಣಿಯಲ್ಲಿ ಹಾಯಿಯ ಹಗ್ಗ ಹಿಡಿಯುವವಳು ನಾನು. "ಎಳೀರಿ" ಎಂದರೆ ಎಳೆಯಬೇಕು, "ಬಿಡ್ರಿ" ಎಂದರೆ ಬಿಡಬೇಕು. ಫೋಟೋದಲ್ಲಿ ಅವರ ಪಕ್ಕ ನಿಲ್ಲುತ್ತಿದ್ದೆ. ಅಷ್ಟಕ್ಕೇ ನನಗೆ ಹೆಮ್ಮೆಯಿತ್ತು, ಯಾಕೆಂದರೆ ಕ್ಲಬ್ಬಿನಲ್ಲಿ ಸ್ಪರ್ಧೆಗೆ ಇಳಿಯುವ ಹೆಂಗಸು ನಾನೊಬ್ಬಳೇ.

ಅಂಬರೀನ್ ಬರುವ ತನಕ.

ಸೇಡಂ ರಸ್ತೆಯ ಒಂದು ಲ್ಯಾಬಿನಲ್ಲಿ ಅವಳು ಟೆಕ್ನಿಶಿಯನ್ನು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜನರ ರಕ್ತ ನೋಡುವ ಕೆಲಸ. ಮೂವತ್ತನಾಲ್ಕು ವಯಸ್ಸು. ಹೋದ ಬೇಸಿಗೆಯಲ್ಲಿ ಶೆಡ್ಡಿನ ಹಿಂದೆ ಬಿದ್ದಿದ್ದ ತೂತುಬಿದ್ದ ದೋಣಿಯೊಂದನ್ನು ಕೇಳಿ ತೆಗೆದುಕೊಂಡು, ಭಾನುವಾರ ಭಾನುವಾರ ಬಸ್ಸಿನಲ್ಲಿ ಬಂದು, ಉರಿಬಿಸಿಲಿನಲ್ಲಿ ಕೂತು ತಾನೇ ಉಜ್ಜಿ, ತೇಪೆ ಹಚ್ಚಿ, ಬಣ್ಣ ಬಳಿದಳು. ಸೆಪ್ಟೆಂಬರಿನಲ್ಲಿ ನೀರಿಗಿಳಿಸಿದಾಗ ಎಲ್ಲರೂ ಮುಳುಗುವುದನ್ನು ನೋಡಲು ನಿಂತಿದ್ದೆವು. ಮುಳುಗಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳು ನಮ್ಮನ್ನು ಹಿಂದೆ ಹಾಕಲು ಶುರು ಮಾಡಿದ್ದಳು. ಒಬ್ಬಳೇ ಚುಕ್ಕಾಣಿ, ಒಬ್ಬಳೇ ಹಗ್ಗ. ಗಾಳಿ ತಿರುಗುವುದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು.

ಸದಸ್ಯತ್ವದ ಫಾರ್ಮು ಅವಳನ್ನು ಕೇಳಿ ಕೇಳಿ ತುಂಬಿದವಳು ನಾನೇ. 'ಆರೋಗ್ಯ ಸಮಸ್ಯೆ' ಎಂಬ ಸಾಲಿಗೆ ಬಂದಾಗ ಅವಳು ನನ್ನ ಪೆನ್ನು ತಡೆದಳು.

"ನನ್ನ ಎಡಗಣ್ಣು ಕಾಣಂಗಿಲ್ರಿ. ಸಣ್ಣಾಕಿದ್ದಾಗ ಶಟಲ್ ಆಡೋ ಮುಂದ ಪೆಟ್ಟು ಬಿದ್ದದ. ನೋಡಿದ್ರ ಗೊತ್ತಾಗಂಗಿಲ್ಲ. ಬರೀಬೇಕಂದ್ರ ಬರೀರಿ."

ನೋಡಿದರೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. "ಏನು ತೊಂದ್ರಿ ಇಲ್ಲಲ್ಲ?" ಎಂದೆ.

"ಇಲ್ರಿ. ಎಡಕ್ಕ ಪೂರಾ ತಿರುಗಿ ನೋಡ್ತೀನಿ. ಹಿಂದಿನಿಂದ ಬರೋರು ಒಂದು ಕೂಗು ಹಾಕಿದ್ರ ಮುಗೀತು."

ದಾಟಿ ಹೋಗುವವರು ಕೂಗಬೇಕು ಎನ್ನುವುದು ಹೇಗೂ ನಮ್ಮ ಕ್ಲಬ್ಬಿನ ನಿಯಮ. "ಹಂಗಾದ್ರ ಬರಿಯೋದು ಬ್ಯಾಡ ಬಿಡು" ಎಂದು ನಾನೇ ಆ ಸಾಲಿನಲ್ಲಿ 'ಇಲ್ಲ' ಎಂದು ಬರೆದೆ. ಅವಳು ನನ್ನ ಕೈ ಹಿಡಿದು "ಶುಕ್ರಿಯಾ ಅಕ್ಕಾ" ಎಂದಳು. ಅಂದಿನಿಂದ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ನವೆಂಬರಿನ ಒಂದು ಭಾನುವಾರ ಅವಳು ಅಭ್ಯಾಸದ ಓಟದಲ್ಲಿ ನಮ್ಮನ್ನು ಇಡೀ ಒಂದು ಸುತ್ತು ಹಿಂದೆ ಬಿಟ್ಟಳು. ದಂಡೆಯ ಮೇಲೆ ಜನ ಚಪ್ಪಾಳೆ ಹೊಡೆದರು. ಯಾರೋ ನನ್ನ ಕಡೆ ತಿರುಗಿ, "ನೀವು ಎಂಟು ವರ್ಷದಾಗ ಕಲೀದೇ ಇದ್ದದ್ದು ಆಕಿ ಎರಡು ತಿಂಗಳದಾಗ ಕಲ್ತಾಳ ನೋಡ್ರಿ" ಎಂದರು. ತಮಾಷೆಗೇ ಅಂದದ್ದು. ನಾನೂ ನಕ್ಕೆ. ಆದರೆ ಆ ಮಾತನ್ನು ಮರೆಯಲಾಗಲಿಲ್ಲ. ವಾಪಸು ಬರುವಾಗ ವಕೀಲರ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಸಿಟ್ಟಿನಿಂದ ಗಾಡಿ ಓಡಿಸುತ್ತಿದ್ದರು.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ" ಎಂದೆ. "ಆಕಿಗೆ ಎಡಗಣ್ಣು ಇಲ್ಲ. ಸುರಕ್ಷತೆಯ ಪ್ರಶ್ನೆ ಅದ ನೋಡ್ರಿ, ಅದಕ್ಕ ಹೇಳಾಕತ್ತೀನಿ."

ಸುರಕ್ಷತೆ ಎಂಬ ಶಬ್ದ ನನಗೆ ಎಲ್ಲಿಂದ ಹೊಳೆಯಿತೋ. ವಕೀಲರು ಒಮ್ಮೆ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ರೇಡಿಯೋ ಹಚ್ಚಿದರು.

ಸಂಕ್ರಾಂತಿಯ ದಿನ ಗಾಳಿ ಚೆನ್ನಾಗಿತ್ತು. ಸದಸ್ಯರೆಲ್ಲ ಮನೆಯವರನ್ನು ಕರೆತಂದಿದ್ದರು, ಸಜ್ಜೆ ರೊಟ್ಟಿಯ ಡಬ್ಬಿಗಳು ತೆರೆದುಕೊಂಡಿದ್ದವು. ಗೆದ್ದವರಿಗೆ ಕಪ್ಪಿನ ಜೊತೆ ಕಮಲಾಪುರದ ಕೆಂಪು ಬಾಳೆಯ ಗೊನೆಯೊಂದನ್ನು ಕೊಡುವುದು ನಮ್ಮ ಪದ್ಧತಿ. ಗೊನೆ ಮೇಜಿನ ಮೇಲಿತ್ತು. ನೀರಿನಲ್ಲಿ ತೇಲಿಬಿಟ್ಟ ಮೂರು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಎಡಕ್ಕಿಟ್ಟುಕೊಂಡು ಮೂರು ಸುತ್ತು ಹಾಕಬೇಕು. ಮೂರನೆಯ ಸುತ್ತಿನಲ್ಲಿ ಅಂಬರೀನ್ ಮುಂದೆ, ಅವಳ ಹಿಂದೆ ನಾವು, ಉಳಿದವರು ದೂರ. ಕೊನೆಯ ಡ್ರಮ್ಮು ತಿರುಗಿದರೆ ನೇರ ದಂಡೆ.

ಅವಳು ಹೇಳಿದ್ದ ಹಾಗೆಯೇ ಆಗಾಗ ಕತ್ತನ್ನು ಎಡಕ್ಕೆ ಪೂರ್ತಿ ತಿರುಗಿಸಿ ನೋಡುತ್ತಿದ್ದಳು. ನೋಡಿ, ಮತ್ತೆ ಹಾಯಿಯ ಕಡೆ ಕಣ್ಣು. ವಕೀಲರು ಅದನ್ನೇ ಎಣಿಸುತ್ತಿದ್ದರು. ಅವಳು ಒಮ್ಮೆ ನೋಡಿ ಮುಖ ತಿರುಗಿಸಿದ ತಕ್ಷಣ ಅವರು ಚುಕ್ಕಾಣಿ ಒತ್ತಿ, ಅವಳಿಗೂ ಡ್ರಮ್ಮಿಗೂ ನಡುವಿನ ಸಂದಿಗೆ, ಅವಳ ಎಡಕ್ಕೆ, ದೋಣಿ ನುಗ್ಗಿಸಿದರು. ನಾನು ಕೂಗಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ನಾನು ಬಾಯಿ ಮುಚ್ಚಿದೆ.

ಡ್ರಮ್ಮು ಸುತ್ತಲು ಅಂಬರೀನ್ ಎಡಕ್ಕೆ ತಿರುಗಿಸಿದಳು, ನಾವಿದ್ದ ಕಡೆಗೇ. ನಮ್ಮ ಮೂತಿ ಅವಳ ದೋಣಿಯ ಪಕ್ಕೆಗೆ ಬಡಿಯಿತು. ಅವಳ ಹಾಯಿಯ ಕೆಳಗಿನ ಅಡ್ಡಕಂಬ ರಪ್ಪನೆ ಬೀಸಿ ಭುಜಕ್ಕೆ ಹೊಡೆಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನೀರಿಗೆ ಬೀಳುವ ಮುಂಚೆ ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ನಾವು ಎಲ್ಲಿಂದ ಬಂದೆವು ಎಂಬ ಬೆರಗಷ್ಟೇ ಇತ್ತು.

"ಹಗ್ಗ ಎಳೀರಿ!" ಎಂದರು ವಕೀಲರು.

ಎಳೆದೆ. ಎಂದಿಗಿಂತ ಚೆನ್ನಾಗಿಯೇ ಎಳೆದೆ. ಹಾಯಿ ತುಂಬಿಕೊಂಡಿತು. ನಾವು ಗೆದ್ದೆವು. ಹಿಂದಿನಿಂದ ಮೋಟಾರು ದೋಣಿಯಲ್ಲಿ ಬಂದ ಕ್ಲಬ್ಬಿನ ಅಂಬಿಗ ಶಬ್ಬೀರ್ ಚಾಚಾ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದು ಅವಳನ್ನು ಮೇಲಕ್ಕೆಳೆದರು.

ಹದಿನೈದು ದಿನದ ಮೇಲೆ ಶೆಡ್ಡಿನಲ್ಲಿ ವಿಚಾರಣೆ. ದೂರು ಕೊಟ್ಟವರು ವಕೀಲರೇ. ತಾನು ಕೂಗಿದರೂ ಅಂಬರೀನ್ ಅಡ್ಡ ಬಂದಳು, ಕಣ್ಣಿಲ್ಲದ್ದನ್ನು ಕ್ಲಬ್ಬಿನಿಂದ ಮುಚ್ಚಿಟ್ಟಿದ್ದಳು ಎಂದು. ವಿಚಾರಣೆ ನಡೆಸಲು ಕ್ಲಬ್ಬಿನ ಹಿರಿಯ ಸದಸ್ಯ, ನಿವೃತ್ತ ಇಂಜಿನಿಯರ್ ಖಂಡೆಪ್ಪನವರು ಕೂತಿದ್ದರು, ಕೈಯಲ್ಲಿ ನಾನು ಬರೆದ ಫಾರ್ಮು. ಅಂಬರೀನ್ ತೋಳು ಜೋಳಿಗೆಯಲ್ಲಿ ಹಾಕಿಕೊಂಡು ಬಂದಿದ್ದಳು.

"ಇಲ್ಲಿ 'ಇಲ್ಲ' ಅಂತ ಬರದದಲ್ಲಮ್ಮ?" ಎಂದು ಖಂಡೆಪ್ಪನವರು ಕೇಳಿದರು.

"ನಾ ಹೇಳಿದ್ದೆ ಸರ್. ಅಕ್ಕಗ ಹೇಳಿದ್ದೆ. ಅವರೇ ಬರಿಯೋದು ಬ್ಯಾಡ ಅಂದ್ರು."

ಎಲ್ಲರೂ ನನ್ನ ಕಡೆ ನೋಡಿದರು. "ನನಗ ನೆನಪಿಲ್ರಿ" ಎಂದೆ.

ಶಬ್ಬೀರ್ ಚಾಚಾ ಬಾಗಿಲಲ್ಲಿ ನಿಂತು, ತನಗೆ ಯಾರ ಕೂಗೂ ಕೇಳಿಸಲಿಲ್ಲ ಎಂದರು. ವಕೀಲರು ನಕ್ಕು, "ಚಾಚಾ, ನಿಮ್ಮ ಮೋಟರಿನ ಗದ್ದಲದಾಗ ನಿಮಗ ಏನು ಕೇಳ್ತದ?" ಎಂದರು. ಉಳಿದವರೂ ನಕ್ಕರು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ವಿದ್ಯಾವತಿ ಮೇಡಂ, ನೀವು ನನ್ನ ದೋಣ್ಯಾಗೇ ಇದ್ರಿ. ನಾ ಕೂಗಿದೆನೋ ಇಲ್ಲೋ?"

"ಕೂಗಿದ್ರಿ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಮೂರು ಸಲ" ಎಂದು ಸೇರಿಸಿದೆ. ಖಂಡೆಪ್ಪನವರು ಅದನ್ನು ಬರೆದುಕೊಂಡರು, ಕೆಳಗೆ ನಾನು ಸಹಿ ಹಾಕಿದೆ.

ಅಂಬರೀನ್ ನನ್ನನ್ನೇ ನೋಡಿದಳು. ಅಕ್ಕ ಸುಳ್ಳು ಹೇಳುತ್ತಾಳೆಂದು ಅವಳಿಗೆ ಆಗ ಅನ್ನಿಸಲಿಲ್ಲ. ಅದು ನನಗೆ ಅವಳ ಮುಖದಲ್ಲೇ ಕಂಡಿತು. ತನ್ನದೇ ಏನೋ ತಪ್ಪಿದೆ ಎಂಬಂತೆ ಅವಳು ನೆಲ ನೋಡತೊಡಗಿದಳು.

ಸದಸ್ಯತ್ವ ರದ್ದಾಯಿತು. ಆ ವಾರ ಕಳಿಸಿದ ವಾರ್ತಾಪತ್ರದಲ್ಲಿ, ಸಂಕ್ರಾಂತಿ ಕಪ್ಪಿನ ಫೋಟೋದ ಕೆಳಗೆ, "ದೃಷ್ಟಿದೋಷವನ್ನು ಮುಚ್ಚಿಟ್ಟು ಸ್ಪರ್ಧೆಗಿಳಿದ ಅಂಬರೀನ್ ಅವರ ಅಜಾಗರೂಕತೆಯಿಂದ ಅಪಘಾತ ಸಂಭವಿಸಿದ್ದು" ಎಂದು ಬರೆದೆ. ಹೆಸರು ಬೇಕೇ ಬೇಕು ಎಂದವರು ವಕೀಲರು. 'ಅಜಾಗರೂಕತೆ' ಎಂಬ ಪದ ನನ್ನದು.

ವಾರ್ತಾಪತ್ರ ವಾಟ್ಸ್ಯಾಪಿನಲ್ಲಿ ಎಲ್ಲೆಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತು. ನಮ್ಮ ಸದಸ್ಯರಲ್ಲಿ ನಾಲ್ಕು ಜನ ಡಾಕ್ಟರರಿದ್ದಾರೆ. ಸೇಡಂ ರಸ್ತೆಯ ಲ್ಯಾಬಿನ ಮಾಲೀಕನಿಗೂ ಅದು ತಲುಪಿತು. ಒಂದೇ ಕಣ್ಣಿನವಳು ಸ್ಲೈಡ್ ನೋಡುತ್ತಾಳೆಂದರೆ ಡಾಕ್ಟರರು ರೋಗಿಗಳನ್ನು ಕಳಿಸುವುದಿಲ್ಲ ಎಂದು ಅವನು ಅಂಬರೀನಳನ್ನು ಒಳಗಿನಿಂದ ಎಬ್ಬಿಸಿ ಕೌಂಟರಿಗೆ ಹಾಕಿದ. ಸೂಕ್ಷ್ಮದರ್ಶಕಕ್ಕೆ ಒಂದೇ ಕಣ್ಣು ಸಾಕು; ಹನ್ನೊಂದು ವರ್ಷ ಅವಳು ಅದೇ ಕೆಲಸ ಮಾಡಿದ್ದಳು. ಫೆಬ್ರವರಿಯಲ್ಲಿ ನಾನು ಥೈರಾಯಿಡ್ ತಪಾಸಣೆಗೆ ಬೇರೆ ಲ್ಯಾಬು ಹುಡುಕಿಕೊಂಡು ಹೋದೆ.

ಮಾರ್ಚಿನಲ್ಲಿ ಅವಳು ನಮ್ಮ ಮನೆಗೇ ಬಂದಳು. ಸಂಜೆ ಐದೂವರೆ. ಪರೀಕ್ಷೆ ಹತ್ತಿರವಿದ್ದುದರಿಂದ ನಡುಮನೆಯಲ್ಲಿ ಟ್ಯೂಷನ್ನಿನ ಹುಡುಗಿಯರು ಕೂತಿದ್ದರು. ಅವಳು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಳು.

"ಅಕ್ಕಾ, ಒಂದೇ ಮಾತು ಕೇಳಿ ಹೋಗ್ತೀನಿ. ಅವತ್ತ ಅವರು ಕೂಗಿದ್ರಾ?"

ಹುಡುಗಿಯರು ತಲೆಯೆತ್ತಿ ನೋಡಿದರು. ಹೊರಗೆ ಕರೆದುಕೊಂಡು ಹೋಗಬಹುದಿತ್ತು. ಹೋದರೆ ನಿಜ ಹೇಳಬೇಕಾಗುತ್ತದೆ ಎಂದು ಹೆದರಿದೆ.

"ಎಲ್ಲಾ ಮುಗದದ ಅಂಬರೀನ್. ಕೂಗಿದ್ರು ಅಂತ ಅವತ್ತೇ ಹೇಳೀನಲ್ಲ."

"ಎಷ್ಟು ಸಲ?"

"ಮೂರು."

ಅವಳು ತಲೆಯಾಡಿಸಿ, ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದಳು. "ನಿಮ್ಮ ಮಾತು ನಾ ನಂಬಿದ್ದೆ ಅಕ್ಕಾ. ಅಕ್ಕ ಕೂಗಿದ್ರು ಅಂದ್ರ ಕೂಗಿರಬೇಕು, ನನಗೇ ಕೇಳಿಸಿಲ್ಲ ಅಂತ ತಿಳ್ಕೊಂಡೆ. ಕಣ್ಣಿನ ಸಂಗಟ ಈಗ ಕಿವೀನೂ ಹೊಂಟಾವ ಅಂತ ಅಂಜಿಕಿ ಆಯ್ತು. ಎರಡು ತಿಂಗಳು ನಿದ್ದಿ ಇಲ್ಲ. ಅಮ್ಮೀ ಅಡಗಿಮನ್ಯಾಗಿಂದ ಕರೆದ್ರ, ಇದು ಮೊದಲ್ನೇ ಸಲ ಕರೀಲಿಕತ್ತಾರೋ ಮೂರನೇ ಸಲವೋ ಅಂತ ಹೋಗಿ ಕೇಳ್ತಿದ್ದೆ. ಕಡೀಕ ನಿನ್ನೆ ಕಿವಿ ತಪಾಸ್ ಮಾಡಿಸ್ಕೊಂಡೆ."

ಕಾಗದವನ್ನು ನನ್ನ ಮುಂದಿನ ಮೇಜಿನ ಮೇಲೆ, ಹುಡುಗಿಯೊಬ್ಬಳ ನಕಾಶೆಯ ಪುಸ್ತಕದ ಮೇಲೆ ಇಟ್ಟಳು.

"ಎರಡೂ ಕಿವಿ ಛಲೋ ಅವ ಅಂತ ಬರದಾರ."

ನಾನು ಕಾಗದ ಮುಟ್ಟಲಿಲ್ಲ. ಫ್ಯಾನಿನ ಗಾಳಿಗೆ ಅದರ ಅಂಚು ಏಳುತ್ತಿತ್ತು. ಕಣ್ಣೀರು ಹಾಕುತ್ತಾಳೆ, ಬಯ್ಯುತ್ತಾಳೆ ಎಂದು ಕಾದೆ. ಅವಳು ಹುಡುಗಿಯರ ಕಡೆ ನೋಡಿ, "ಓದ್ಕೋರಿ ಅಮ್ಮಾ" ಎಂದಳು. ಮೆಟ್ಟಿಲಿಳಿದು ಹೋದಳು. ನನ್ನನ್ನು ಅಕ್ಕ ಎಂದು ಕರೆದದ್ದು ಅದೇ ಕೊನೆ.

"ಯಾರ್ರೀ ಮಿಸ್ ಅವರು?" ಎಂದು ಹುಡುಗಿಯೊಬ್ಬಳು ಕೇಳಿದಳು. ಪಾಠಕ್ಕೆ ಗಮನ ಕೊಡು ಎಂದು ಗದರಿದೆ. ಆ ಹುಡುಗಿಗೆ ಕಣ್ಣಲ್ಲಿ ನೀರು ಬಂತು.

ಎರಡು ದಿನ ಬಿಟ್ಟು ಧೈರ್ಯ ಮಾಡಿ ವಕೀಲರ ಆಫೀಸಿಗೆ ಹೋದೆ. ಅಂಬರೀನಳನ್ನು ವಾಪಸು ತೆಗೆದುಕೊಳ್ಳೋಣ, ವಾರ್ತಾಪತ್ರದಲ್ಲಿ ಒಂದು ತಿದ್ದುಪಡಿ ಹಾಕೋಣ ಎಂದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

"ಹಾಕ್ರಿ. ಆದ್ರ ಕೂಗಿದ್ದು ಸುಳ್ಳಂದ್ರ, ಸುಳ್ಳು ಹೇಳಿದಾಕಿ ಯಾರು ಅಂತ ಬರೀಬೇಕಾಗ್ತದ. ನನಗ ಯಾರೂ ಸಾಕ್ಷಿ ಕೇಳಿಲ್ಲ. ಸಹಿ ನಿಮ್ದದ. ಫಾರ್ಮೂ ನಿಮ್ದೇ ಕೈಬರಹ. ನೀವು ಪಾಠ ಮಾಡೋ ಸಾಲಿಗೂ ಒಂದು ಕಾಪಿ ಕಳಿಸ್ತೀರೇನು?"

ಚಹಾ ತರಿಸಿದರು. ಕುಡಿದೆ. ತಿದ್ದುಪಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಮೇ ತಿಂಗಳಲ್ಲಿ ಅಂಬರೀನ್ ಕೆಲಸ ಬಿಟ್ಟು ತಾಯಿಯನ್ನು ಕರೆದುಕೊಂಡು ಬೀದರಿಗೆ ಹೋದಳೆಂದು ಶಬ್ಬೀರ್ ಚಾಚಾ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಮೇಲೆ ಅವರೂ ನನ್ನ ಜೊತೆ ಮಾತು ಕಡಿಮೆ ಮಾಡಿದರು, ಕೆಲಸದ್ದಷ್ಟೇ. ಅವಳ ದೋಣಿ ಬಹಳ ದಿನ ದಂಡೆಯಲ್ಲಿ ಬೋರಲು ಬಿದ್ದಿತ್ತು. ಒಡೆದ ಪಕ್ಕೆಯಲ್ಲಿ ಓತಿಕೇತ ಮನೆ ಮಾಡಿತ್ತು.

ಈ ಸಲ ಮಳೆ ಚೆನ್ನಾಗಿ ಬಂತು. ಆಗಸ್ಟಿನಲ್ಲೇ ಕೆರೆ ತುಂಬಿತು. ಹೊಸ ಸದಸ್ಯರು ಬಂದರು, ಅವರಲ್ಲಿ ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ ಭುವನೇಶ್ವರಿಯೂ ಒಬ್ಬಳು. ಚುರುಕು ಹುಡುಗಿ. ಮೊದಲ ದಿನ ಶೆಡ್ಡಿನಲ್ಲಿ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ, "ಇಲ್ಲಿ ಹೆಣ್ಮಕ್ಕಳು ಯಾರೂ ತಾವೇ ದೋಣಿ ಓಡಿಸಂಗಿಲ್ಲೇನ್ರೀ ಮೇಡಂ?" ಎಂದು ಕೇಳಿದಳು.

ಶಬ್ಬೀರ್ ಚಾಚಾ ಅಲ್ಲೇ ಹಗ್ಗ ಸುತ್ತುತ್ತಿದ್ದರು. ಅವರ ಕೈ ನಿಂತಿತು.

"ಒಬ್ಬಾಕಿ ಇದ್ಲು" ಎಂದೆ. "ಆಕಿಗೆ ಕಣ್ಣು ಸರಿ ಕಾಣ್ತಿರಲಿಲ್ಲ. ಬಿಟ್ಟು ಹೋದ್ಲು."

ತಡವರಿಸದೆ ಹೇಳಿದೆ. ಭುವನೇಶ್ವರಿ "ಅಯ್ಯೋ ಪಾಪ" ಎಂದಳು. ಚಾಚಾ ಹಗ್ಗವನ್ನು ಅರ್ಧಕ್ಕೇ ಬಿಟ್ಟು ಎದ್ದು ನೀರಿನ ಕಡೆ ನಡೆದರು.